ಹಿತವಲ್ಲದ ಮೋಟಾರನ್ನು ಹಿಂದಿರುಗಿಸಬಹುದೆ?

ಸುಮಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಗೃಹಸ್ಥರೊಬ್ಬರು ಮೋಟಾರು ವ್ಯಾಪಾರಿಗಳಿಗೆ ಕಾಗದ ಬರೆದು, ಎಂಟು ಸಿಲಿಂಡರಿನ ಬುಗಾಟಿ ಕಾರಿನ ವಿವರಗಳನ್ನು ಕೇಳಿದರು. ತಮಗೆ ಬೇಕಾದುದು ಆರಾಮವಾದ, ಸಾಧಾರಣ ಪ್ರವಾಸಕ್ಕೆ ತಕ್ಕ ವಾಹನವೆಂದು ಸ್ಪಷ್ಟವಾಗಿ ತಿಳಿಸಿದರು. ಈ ಕಾರು ಆ ಕೆಲಸಕ್ಕೆ ಒಪ್ಪುವುದೆಂದು ವ್ಯಾಪಾರಿಗಳು ಭರವಸೆ ಕೊಟ್ಟರು. ಹಣ ತೆತ್ತು ಕಾರನ್ನು ತಂದ ಮೇಲೆ ನೋಡಿದರೆ ಅದು ಆರಾಮವಾಗಿಯೂ ಇರಲಿಲ್ಲ, ಪ್ರವಾಸಕ್ಕೆ ಒದಗುವಂತೆಯೂ ಇರಲಿಲ್ಲ. ಕಾರನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಕೇಳಿದರೆ ವ್ಯಾಪಾರಿಗಳು ಒಪ್ಪಲಿಲ್ಲ. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. 1925ರ ಕಾನೂನು ವರದಿಗಳಲ್ಲಿ ಅಚ್ಚಾದ ‘ಬಾಲ್ಡ್ರಿ–ಮಾರ್ಷಲ್’ ಮೊಕದ್ದಮೆ ಇದೇ.

ಈ ವಿಷಯಕ್ಕೂ ಭೌತಶಾಸ್ತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೊಂಡವರ ದೂರು ಎಂಜಿನ್ ಕೆಟ್ಟಿತೆಂದಾಗಲಿ, ಚಕ್ರ ಮುರಿಯಿತೆಂದಾಗಲಿ ಅಲ್ಲ. ಕುಳಿತರೆ ಹಿತವಿಲ್ಲ ಎಂಬುದಷ್ಟೆ. ಹಾಗಾದರೆ ‘ಹಿತವಿಲ್ಲ’ ಎಂಬ ಮಾತು ಕೊಂಡವನ ಸೊಂಟದ ಖಾಸಗಿ ಅಭಿಪ್ರಾಯವೋ, ಅಥವಾ ಅಳೆದು ತೋರಿಸಬಹುದಾದ ಸಂಗತಿಯೋ? ಮೊದಲು ಇದನ್ನು ವಿಚಾರಿಸೋಣ.

ಕಾರಿನ ಒಡಲು ಚಕ್ರಗಳ ಮೇಲೆ ನೇರವಾಗಿ ಕುಳಿತಿಲ್ಲ, ನಡುವೆ ಸ್ಪ್ರಿಂಗುಗಳಿವೆ. ಹಳೆಯ ವಾಹನಗಳಲ್ಲಿ ಇವು ಕಮಾನು ಪಟ್ಟಿಗಳಾಗಿದ್ದುವು. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಸುರುಳಿಗಳು. ಒಡಲಿನ ಭಾರಕ್ಕೆ ಸ್ಪ್ರಿಂಗು ಒಂದಿಷ್ಟು ಕುಸಿಯುತ್ತದೆ. ಈ ಕುಸಿತವೊಂದು ತಿಳಿದರೆ ಸಾಕು, ಒಡಲನ್ನು ಒಮ್ಮೆ ಅಲುಗಿಸಿ ಬಿಟ್ಟಾಗ ಅದು ಸೆಕೆಂಡಿಗೆ ಎಷ್ಟು ಸಲ ತೂಗುವುದೆಂದು ಹೇಳಬಹುದು. ಗುರುತ್ವ ವೇಗೋತ್ಕರ್ಷವನ್ನು ಕುಸಿತದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಬೇಕು. ಕುಸಿತ 25 ಸೆಂಟಿಮೀಟರ್ ಆದರೆ ಸ್ವಾಭಾವಿಕ ಆವೃತ್ತಿ ಸೆಕೆಂಡಿಗೆ 1, ಎಂದರೆ 1 ಹರ್ಟ್ಸ್. ಕುಸಿತ 6 ಸೆಂಟಿಮೀಟರ್ ಆದರೆ 2 ಹರ್ಟ್ಸ್. ಮೆತ್ತನೆಯ ಕಾರಿಗೂ ಬಿಗಿಯಾದ ಕಾರಿಗೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ಸಂಖ್ಯೆಯಲ್ಲಿ ಇದು ಅಲ್ಪವೆನಿಸಬಹುದು, ಬೆನ್ನುಮೂಳೆಗೆ ಅಲ್ಪವಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ರಸ್ತೆಯ ಮೇಲೆ 2 ಮೀಟರಿಗೆ ಒಂದರಂತೆ ಅಲೆಯಲೆಯಾದ ಉಬ್ಬುಗಳಿವೆಯೆಂದೂ ಅವು ಸರಾಸರಿ ಮಟ್ಟದಿಂದ 1 ಸೆಂಟಿಮೀಟರ್ ಮೇಲಕ್ಕೆ, 1 ಸೆಂಟಿಮೀಟರ್ ಕೆಳಕ್ಕೆ ಹೋಗುತ್ತವೆಂದೂ ಇಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋದರೆ ಚಕ್ರಕ್ಕೆ ಸೆಕೆಂಡಿಗೆ 5 ಏರಿಳಿತ. ಘರ್ಷಣೆಯನ್ನು ಸದ್ಯಕ್ಕೆ ಮರೆತರೆ, 1 ಹರ್ಟ್ಸಿನ ಕಾರು ಈ ಏರಿಳಿತದ 24ರಲ್ಲಿ ಒಂದು ಪಾಲನ್ನು ಮಾತ್ರ ಒಡಲಿಗೆ ದಾಟಿಸುತ್ತದೆ. 2 ಹರ್ಟ್ಸಿನ ಕಾರು ಐದರಲ್ಲಿ ಸುಮಾರು ಒಂದು ಪಾಲನ್ನು ದಾಟಿಸುತ್ತದೆ. ಕೂತವರು ಅನುಭವಿಸುವ ವೇಗೋತ್ಕರ್ಷದ ಗರಿಷ್ಠ ಬೆಲೆ ಮೊದಲನೆಯದರಲ್ಲಿ 0.41, ಎರಡನೆಯದರಲ್ಲಿ 1.88 ಮೀಟರ್ ಪ್ರತಿ ಸೆಕೆಂಡ್ ಪ್ರತಿ ಸೆಕೆಂಡ್. ವರ್ಗಮಧ್ಯಮೂಲ ಬೆಲೆಯನ್ನು ತೆಗೆದರೆ (ಗರಿಷ್ಠದ 0.71 ಪಾಲು) ಕ್ರಮವಾಗಿ 0.29 ಮತ್ತು 1.33.

ಈ ಸಂಖ್ಯೆಗಳಿಗೆ ಅರ್ಥ ಕೊಡಲು ಒಂದು ಅಂತರರಾಷ್ಟ್ರೀಯ ಮಾನಕವೇ ಇದೆ. 1974ರಲ್ಲಿ ಮೊದಲು ಹೊರಬಂದು 1997ರಲ್ಲಿ ಪರಿಷ್ಕೃತವಾದ ಐಎಸ್‌ಒ 2631ರ ಪ್ರಕಾರ, 0.315ಕ್ಕಿಂತ ಕಡಿಮೆಯಾದರೆ ಹಿತಕ್ಕೆ ಭಂಗವಿಲ್ಲ, 0.8ರಿಂದ 1.6ರವರೆಗೆ ‘ಅಹಿತಕರ’. ಒಂದೇ ರಸ್ತೆ, ಒಂದೇ ವೇಗ. ಒಬ್ಬನು ನಿದ್ದೆ ಹೋಗುತ್ತಾನೆ, ಇನ್ನೊಬ್ಬನು ಬೆನ್ನು ಹಿಡಿದುಕೊಳ್ಳುತ್ತಾನೆ. ನಾವು 5 ಹರ್ಟ್ಸನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಕುಳಿತ ಮನುಷ್ಯನ ದೇಹವೂ ಒಂದು ಸ್ಪ್ರಿಂಗಿನ ವ್ಯವಸ್ಥೆ. ಮೇಲೆ ಕೆಳಗೆ ಕುಲುಕುವಾಗ 4ರಿಂದ 8 ಹರ್ಟ್ಸಿನ ನಡುವೆ ಅದು ಅನುರಣಿಸುತ್ತದೆ. ಹೊಟ್ಟೆ, ಎದೆ, ಬೆನ್ನುಮೂಳೆ ಎಲ್ಲಕ್ಕೂ ಅಲ್ಲಿಯೇ ಹೆಚ್ಚು ಪೀಡೆ.

ಘರ್ಷಣೆಯನ್ನು ಮರೆತುದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ಮಾತು. ಇದೇ ರಸ್ತೆಯಲ್ಲಿ ಗಂಟೆಗೆ ಏಳು ಕಿಲೋಮೀಟರಿನಷ್ಟು ನಿಧಾನವಾಗಿ ಹೋದರೆ ಉಬ್ಬುಗಳ ಲಯವೂ ಮೆತ್ತನೆಯ ಕಾರಿನ ಲಯವೂ ಒಂದಾಗಿ, ಕಾರು ತೊಟ್ಟಿಲಿನಂತೆ ತೂಗಿಬಿಡುತ್ತದೆ. ಅದನ್ನು ತಡೆಯಲೆಂದೇ ಷಾಕ್ ಅಬ್ಸಾರ್ಬರುಗಳಿವೆ. ಆದರೆ ಅವು ತೂಗಾಟವನ್ನು ಅಡಗಿಸುವಾಗ ವೇಗದ ಕಂಪನಗಳನ್ನು ತುಸು ಹೆಚ್ಚಾಗಿಯೇ ಒಳಗೆ ಬಿಡುತ್ತವೆ. ತಯಾರಕನು ಎಲ್ಲಿಯೋ ಒಂದೆಡೆ ರಾಜಿಯಾಗಲೇಬೇಕು. ಬುಗಾಟಿ ಸಂಸ್ಥೆ ಹೆಸರು ಗಳಿಸಿದ್ದು ಓಟದ ಪಂದ್ಯಗಳಲ್ಲಿ. ತಿರುವಿನಲ್ಲಿ ವಾಲದೆ, ಚಕ್ರವು ನೆಲವನ್ನು ಬಿಡದೆ ಓಡಬೇಕಾದ ಗಾಡಿಗೆ ಬಿಗಿಯಾದ ಸ್ಪ್ರಿಂಗೇ ಗುಣ. ಪ್ರವಾಸಿಗೆ ಅದೇ ದೋಷ.

ಈಗ ಮೊಕದ್ದಮೆಗೆ ಮರಳೋಣ. ವ್ಯಾಪಾರಿಗಳ ಪರವಾಗಿ ಎರಡು ವಾದಗಳಿದ್ದುವು. ಕೊಂಡವರು ಬುಗಾಟಿ ಎಂಬ ಹೆಸರು ಹೇಳಿಯೇ ಕೊಂಡರು; ಹೆಸರು ಹೇಳಿ ಕೊಂಡ ವಸ್ತು ಉದ್ದೇಶಕ್ಕೆ ಒದಗುವುದೆಂಬ ಹೊಣೆ ಮಾರಿದವನಿಗಿಲ್ಲವೆಂದು 1893ರ ಸರಕು ಮಾರಾಟದ ಕಾಯಿದೆ ಹೇಳುತ್ತಿತ್ತು. ಎರಡನೆಯದಾಗಿ, ತಾವು ಕೊಡುವ ಗ್ಯಾರಂಟಿಯ ಹೊರತು ಬೇರಾವ ವಾರಂಟಿಯೂ ಇಲ್ಲವೆಂದು ಒಪ್ಪಂದದಲ್ಲಿ ಅಚ್ಚಾಗಿತ್ತು. ಮೇಲ್ಮನವಿಯ ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. ಕೊಂಡವರು ತಮ್ಮ ಅಗತ್ಯವನ್ನು ಹೇಳಿ ವ್ಯಾಪಾರಿಗಳ ತಿಳಿವಳಿಕೆಯನ್ನು ನಂಬಿದ್ದರು. ಹೆಸರು ಬಂದ ಮಾತ್ರಕ್ಕೆ ಆ ನಂಬಿಕೆ ಅಳಿಯದು. ಆರಾಮವಾಗಿರಬೇಕೆಂಬುದು ಬರಿಯ ವಾರಂಟಿಯಾಗಿರದೆ ಒಪ್ಪಂದದ ಷರತ್ತೇ ಆಗಿತ್ತು. ಅಚ್ಚಾದ ಸಾಲಿನಲ್ಲಿ ಷರತ್ತಿನ ಮಾತೇ ಇರಲಿಲ್ಲ. ಕೊಂಡವರು ಗೆದ್ದರು.

ನಮ್ಮ ದೇಶದ 1930ರ ಸರಕು ಮಾರಾಟದ ಕಾಯಿದೆಯ 16ನೆಯ ಪ್ರಕರಣ ಆ ಇಂಗ್ಲಿಷ್ ಕಾಯಿದೆಯ ಅಚ್ಚಿನಲ್ಲಿಯೇ ಎರಕವಾಗಿದೆ, ಇಂದಿಗೂ ಜಾರಿಯಲ್ಲಿದೆ. ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ರಸೀದಿಯಲ್ಲಿ ಬೇರೆ ಅವಧಿ ಬರೆದಿರದಿದ್ದರೆ, ದೋಷವಿರುವ ಸರಕನ್ನು 30 ದಿನಗಳೊಳಗೆ ಹಿಂತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಇಲ್ಲಿ ‘ದೋಷ’ ಎಂಬ ಶಬ್ದವನ್ನು ಗಮನಿಸಬೇಕು. ತಯಾರಕನು ಉದ್ದೇಶಿಸಿದಂತೆಯೇ ಬಿಗಿಯಾಗಿರುವ ಸ್ಪ್ರಿಂಗನ್ನು ದೋಷವೆಂದು ಸಾಧಿಸುವುದು ಕಷ್ಟ. ಅಜ್ಜಿಯ ಬೆನ್ನುನೋವನ್ನು ನೆನೆದು ಕಾರು ಕೊಳ್ಳುವ ಕುಟುಂಬವು ಆ ನೋವಿನ ಸಂಗತಿಯನ್ನು ಕೊಳ್ಳುವ ಮುನ್ನವೇ ವ್ಯಾಪಾರಿಗೆ ತಿಳಿಸಿ ಅವನ ತಿಳಿವಳಿಕೆಯನ್ನು ನಂಬಿದ್ದರೆ 16ನೆಯ ಪ್ರಕರಣ ನೆರವಿಗೆ ಬಂದೀತು. ಷೋರೂಮಿನಲ್ಲಿ ಮನಸ್ಸಿನಲ್ಲೇ ಉಳಿದ ಮಾತಿಗೆ ಬೆಲೆಯಿಲ್ಲ.

ಇನ್ನೊಂದು ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಹುದು. ಮಾರುವವರು ಪರೀಕ್ಷೆಗೆಂದು ಹತ್ತು ನಿಮಿಷ ಓಡಿಸಲು ಕೊಡುವುದು ಸಾಮಾನ್ಯವಾಗಿ ನುಣುಪಾದ ರಸ್ತೆಯಲ್ಲಿ. ಮೈನೋವಾದರೋ ಎರಡನೆಯ ಗಂಟೆಯಲ್ಲಿ ಕಾಣಿಸಿಕೊಳ್ಳುವ ವಸ್ತು. ಆದುದರಿಂದ ಕೆಟ್ಟ ರಸ್ತೆಯನ್ನು ನೀವೇ ಆರಿಸಿ. ಮೊಬೈಲ್ ಫೋನುಗಳಲ್ಲಿ ವೇಗೋತ್ಕರ್ಷವನ್ನು ಅಳೆಯುವ ಸಾಧನ ಅಡಗಿದೆ. ಜರ್ಮನಿಯ ಆಕೆನ್ ತಾಂತ್ರಿಕ ವಿಶ್ವವಿದ್ಯಾನಿಲಯದವರು ರಚಿಸಿದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಅದರ ಅಳತೆಯನ್ನು ದಾಖಲಿಸಿ, ಯಾವ ಆವೃತ್ತಿಯ ಕಂಪನ ಎಷ್ಟಿದೆಯೆಂದು ಗ್ರಾಫಿನಲ್ಲಿ ತೋರಿಸುತ್ತದೆ. ಫೋನನ್ನು ಮೊದಲು ಕಾರಿನ ನೆಲದ ಮೇಲೆ ಚಪ್ಪಟೆಯಾಗಿರಿಸಿ ಒಮ್ಮೆ, ಅನಂತರ ಆಸನದ ಮೇಲೆ ತೊಡೆಯ ಕೆಳಗಿಟ್ಟುಕೊಂಡು ಒಮ್ಮೆ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ. ನೆಲದ ಗ್ರಾಫು ಸ್ಪ್ರಿಂಗಿನ ಗುಣವನ್ನು ಹೇಳುತ್ತದೆ. ಎರಡು ಗ್ರಾಫುಗಳ ಅಂತರ ಆಸನದ ಮೆತ್ತೆಯದು. 4ರಿಂದ 8 ಹರ್ಟ್ಸಿನ ನಡುವೆ ಆಸನದ ಗ್ರಾಫು ನೆಲದ್ದಕ್ಕಿಂತ ಎತ್ತರಕ್ಕೆ ಏರಿದ್ದರೆ, ಆ ಮೆತ್ತೆ ನಿಮ್ಮನ್ನು ಕಾಪಾಡುವ ಬದಲು ಇನ್ನಷ್ಟು ಕುಲುಕಿಸುತ್ತಿದೆ.