ಚೀನೀ ಚಿಂತಕರು ಮತ್ತು ಪ್ರಜಾಪ್ರಭುತ್ವ

ಅರಸನಿಗಿಂತ ಪ್ರಜೆಗಳೇ ಮಿಗಿಲೆಂದು ಪ್ರಾಚೀನ ಚೀನಾದ ದಾರ್ಶನಿಕ ಮೆನ್ಸಿಯಸ್ ಸಾರಿದ್ದನು. ಆದರೆ ಪ್ರಜೆಗಳಿಗಾಗಿ ಆಳುವುದು ಬೇರೆ, ಪ್ರಜೆಗಳೇ ಆಳುವುದು ಬೇರೆ. ಆಳಲು ಜನರು ಅರ್ಹರಾಗಿರುವರೇ? ಈ ಪ್ರಶ್ನೆ ಆಧುನಿಕ ಚೀನಾದ ಚಿಂತಕರನ್ನು ಬಹುಕಾಲದಿಂದ ಕಾಡಿದೆ.

1903ರಲ್ಲಿ ಅಮೆರಿಕವನ್ನು ಸಂದರ್ಶಿಸಿದ ಲಿಯಾಂಗ್ ಚಿಚಾವೊ ಅವರು ತಮ್ಮ ಜನರು ಇನ್ನೂ ಸಿದ್ಧರಾಗಿಲ್ಲವೆಂದು ನಿರ್ಣಯಿಸಿದರು. 1919ರಲ್ಲಿ ಚೆನ್ ದೂಶ್ಯೂ ಅವರು, ಪ್ರಜಾಪ್ರಭುತ್ವ ಮತ್ತು ವಿಜ್ಞಾನಗಳೆಂಬ ಇಬ್ಬರು ಮಹನೀಯರೇ ಚೀನಾವನ್ನು ಕತ್ತಲೆಯಿಂದ ಪಾರುಮಾಡಬಲ್ಲರೆಂದು ಸಾರಿದರು.

1930ರ ದಶಕದಲ್ಲಿ ದೇಶವು ಜಪಾನಿನ ಆಕ್ರಮಣಕ್ಕೆ ತುತ್ತಾದಾಗ ಕೆಲವು ವಿದ್ವಾಂಸರು ಸರ್ವಾಧಿಕಾರವೇ ಲೇಸೆಂದರು. ಹೂ ಶಿ ಅವರು ಒಪ್ಪಲಿಲ್ಲ. ಪ್ರಜಾಪ್ರಭುತ್ವವು ರಾಜಕೀಯದ ಶಿಶುವಿಹಾರವಿದ್ದಂತೆ. ಅನುಭವವಿಲ್ಲದ ಜನರಿಗೆ ಅದೇ ತಕ್ಕ ಶಿಕ್ಷಣವೆಂದು ವಾದಿಸಿದರು. ನೀರಿಗಿಳಿಯದೆ ಈಜು ಬಾರದೆಂಬುದೇ ಅವರ ಮತದ ಸಾರ.

2006ರಲ್ಲಿ ಚಿಂತಕ ಯೂ ಕೆಪಿಂಗ್ ಅವರು, ಪ್ರಜಾಪ್ರಭುತ್ವ ಒಳ್ಳೆಯದು, ಆದರೆ ಹಂತಹಂತವಾಗಿ ಬರಲಿ ಎಂದರು. 2008ರಲ್ಲಿ ಮುಕ್ತ ಚುನಾವಣೆಯನ್ನು ಕೋರಿದ ಸನ್ನದೊಂದಕ್ಕಾಗಿ ದುಡಿದ ಸಾಹಿತಿ ಲಿಯು ಶಿಯಾಬೊ ಅವರು 11 ವರ್ಷಗಳ ಸೆರೆವಾಸಕ್ಕೆ ಗುರಿಯಾದರು. 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ದೊರೆತರೂ ಬಿಡುಗಡೆ ದೊರೆಯಲಿಲ್ಲ. 2017ರಲ್ಲಿ ಬಂಧನದಲ್ಲಿರುವಾಗಲೇ ನಿಧನರಾದರು. ಅಭ್ಯಾಸಕ್ಕೆ ಎಡೆಯಿಲ್ಲದಿರುವಲ್ಲಿ ಅರ್ಹತೆ ಬರುವ ಬಗೆ ಹೇಗೆ?