ರೂಪಾಂತರಿಯ ಸುದ್ದಿ ಬಂದಾಗ

ಕೊರೊನಾ ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನು 1,273 ಅಮೈನೋ ಆಮ್ಲಗಳ ಸರಪಳಿ. ಮನುಷ್ಯನ ಜೀವಕೋಶದ ಎಸಿಇ2 ಗ್ರಾಹಕಕ್ಕೆ ಅಂಟಿಕೊಂಡು ವೈರಸ್ ಒಳನುಗ್ಗುವುದು ಇದರ ಮೂಲಕವೇ. ವೈರಸ್ ತನ್ನ ನಕಲು ತೆಗೆಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅದಕ್ಕೆ ಪ್ರಯೋಜನಕ್ಕೆ ಬರುವುದಿಲ್ಲ. ಕೆಲವು ಮಾತ್ರ ಉಳಿದು ಬೆಳೆಯುತ್ತವೆ. ಅಂಥ ಬದಲಾವಣೆಗಳನ್ನು ಹೊತ್ತ ವೈರಸ್ಸೇ ರೂಪಾಂತರಿ.

ಸ್ಪೈಕಿನ 501ನೇ ಸ್ಥಾನದ ಆಸ್ಪರಜಿನ್ ಹೋಗಿ ಟೈರೋಸಿನ್ ಬಂದರೆ ಗ್ರಾಹಕದ ಮೇಲಿನ ಹಿಡಿತ ಬಿಗಿಯಾಗುತ್ತದೆ. ಆಲ್ಫಾ ರೂಪಾಂತರಿ ವೇಗವಾಗಿ ಹರಡಲು ಇದೂ ಒಂದು ಕಾರಣ. ಬೀಟಾ ರೂಪಾಂತರಿಯ 484ನೇ ಸ್ಥಾನದ ಕಥೆ ಬೇರೆ. ಅಲ್ಲಿ ಋಣ ವಿದ್ಯುದಂಶದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ಧನ ವಿದ್ಯುದಂಶದ ಲೈಸಿನ್ ಬಂದು ಕೂತಿತು. ಆ ಜಾಗವನ್ನೇ ಗುರುತಿಸುತ್ತಿದ್ದ ಪ್ರತಿಕಾಯಗಳಿಗೆ ಹಿಡಿತ ತಪ್ಪಿತು. 2021ರ ನವೆಂಬರಿನಲ್ಲಿ ಆಫ್ರಿಕಾದ ದಕ್ಷಿಣ ಭಾಗದಿಂದ ವರದಿಯಾದ ಓಮಿಕ್ರಾನ್‌ನ ಸ್ಪೈಕಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಭಾರತದ ಮೊದಲ ಎರಡು ಪ್ರಕರಣಗಳು ಡಿಸೆಂಬರ್ 2ರಂದು ಪ್ರಕಟವಾದದ್ದು ಕರ್ನಾಟಕದಿಂದ. ಲಸಿಕೆ ಪಡೆದವರಿಗೂ, ಹಿಂದೆ ಸೋಂಕು ತಗಲಿದ್ದವರಿಗೂ ಓಮಿಕ್ರಾನ್ ಅಂಟಿತು.

ಹಾಗೆಂದು ಲಸಿಕೆ ವ್ಯರ್ಥವಾಯಿತೆಂದು ತಿಳಿಯುವುದು ಅಪಾಯಕಾರಿ ತಪ್ಪು. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ವೈರಸ್ಸಿನ ಹಲವು ತುಣುಕುಗಳನ್ನು ಗುರುತಿಸುತ್ತವೆ. ಅಷ್ಟನ್ನೂ ಒಮ್ಮೆಗೇ ಬದಲಿಸಿಕೊಳ್ಳುವುದು ವೈರಸ್ಸಿಗೆ ಕಷ್ಟ. ತೀವ್ರ ಕಾಯಿಲೆಯಿಂದ ಸಿಗುವ ರಕ್ಷಣೆ ಬಹುಮಟ್ಟಿಗೆ ಉಳಿಯಲು ಇದು ಮುಖ್ಯ ಕಾರಣ. ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮುಂದಿನ ಡೋಸ್ ಬಗ್ಗೆ ವೈದ್ಯರನ್ನು ಕೇಳಲೇಬೇಕು. ರೂಪಾಂತರಿ ಯಾವುದೇ ಇರಲಿ, ಅದು ಮುಖ್ಯವಾಗಿ ಹರಡುವುದು ಉಸಿರಿನ ಮೂಲಕ. ಆದ್ದರಿಂದ ಕಿಟಕಿ ತೆರೆದಿಡುವುದು, ಜನಜಂಗುಳಿಯಲ್ಲಿ ಮಾಸ್ಕ್ ಧರಿಸುವುದು, ಜ್ವರ ಕೆಮ್ಮು ಇದ್ದಾಗ ಅಜ್ಜ ಅಜ್ಜಿಯರಿಂದ ದೂರವಿರುವುದು ಎಲ್ಲ ರೂಪಾಂತರಿಗಳಿಗೂ ಅನ್ವಯಿಸುತ್ತದೆ.