ಜಠರದ ಕ್ಯಾನ್ಸರ್ ಮತ್ತು ಮಿತಿಮೀರಿದ ಗ್ರಾಹಕಗಳು

ಹುನಗುಂದದ ಎರೆಹೊಲದಲ್ಲಿ ನೆಲಕ್ಕೆ ಹದ ಬಾರದೆ ಯಾವ ರೈತನೂ ಕೂರಿಗೆ ಹೂಡುವುದಿಲ್ಲ. ನಮ್ಮ ಶರೀರದ ಜೀವಕೋಶವೂ ವಿಭಜನೆಗೆ ಮೊದಲು ಹೀಗೆಯೇ ಕಾಯುತ್ತದೆ. ಬೆಳೆಯತಕ್ಕ ಕಾಲ ಬಂದಿತೆಂದು ಅದಕ್ಕೆ ತಿಳಿಸುವ ಪ್ರೋಟೀನುಗಳಿಗೆ ವೃದ್ಧಿಕಾರಕಗಳೆಂದೂ, ಕೋಶದ ಹೊರಪೊರೆಯಲ್ಲಿ ನಿಂತು ಆ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನುಗಳಿಗೆ ಗ್ರಾಹಕಗಳೆಂದೂ ಹೆಸರು. ವೃದ್ಧಿಕಾರಕವು ಬಂದು ಅಂಟಿದಾಗ ಎರಡು ಗ್ರಾಹಕಗಳು ಜೋಡಿಯಾಗುತ್ತವೆ. ಅವುಗಳ ಒಳತುದಿಗಳು ಒಂದಕ್ಕೊಂದು ಫಾಸ್ಫೇಟನ್ನು ಕೂಡಿಸುತ್ತವೆ. ಅಲ್ಲಿಂದ ಆಜ್ಞೆಯು ಕೋಶಕೇಂದ್ರದವರೆಗೆ ಸಾಗುತ್ತದೆ. ಮೊದಲ ವೃದ್ಧಿಕಾರಕಗಳನ್ನು ಕಂಡುಹಿಡಿದ ಸ್ಟಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿಯವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಜಠರದ ಕ್ಯಾನ್ಸರುಗಳಲ್ಲಿ ಕೆಲವು ಈ ಏರ್ಪಾಡನ್ನೇ ಕೆಡಿಸಿಕೊಂಡಿರುತ್ತವೆ. ‘ಹರ್-2’ ಎಂಬ ಗ್ರಾಹಕದ ಜೀನು 17ನೆಯ ವರ್ಣತಂತುವಿನಲ್ಲಿದೆ. ಸಾಮಾನ್ಯ ಕೋಶದಲ್ಲಿ ಅದಕ್ಕೆ ಎರಡೇ ಪ್ರತಿಗಳು: ತಾಯಿಯಿಂದ ಒಂದು, ತಂದೆಯಿಂದ ಒಂದು. 1986ರಲ್ಲಿ ಜಪಾನಿನ ಸಂಶೋಧಕರು ಜಠರದ ಕ್ಯಾನ್ಸರಿನಿಂದ ಬೆಳೆಸಿದ ಒಂದು ಕೋಶವಂಶದಲ್ಲಿ ಈ ಪ್ರತಿಗಳು ಹೆಚ್ಚಿರುವುದನ್ನು ಕಂಡರು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಜೀನಿನ ಬರಹ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಸರಿಯಾದ ಜೀನೇ ಮಿತಿಮೀರಿ ನಕಲಾಗಿರುತ್ತದೆ. ಹರ್-2 ತನ್ನದೇ ಆದ ವೃದ್ಧಿಕಾರಕಕ್ಕಾಗಿ ಕಾಯುವುದಿಲ್ಲ, ಅದು ಸದಾ ಜೋಡಿಗೆ ಸಿದ್ಧವಾಗಿಯೇ ಇರುತ್ತದೆ. ಪೊರೆಯ ಮೇಲೆ ಅವುಗಳ ಸಂದಣಿ ಹೆಚ್ಚಿದರೆ ಯಾವ ಸುದ್ದಿಯೂ ಬಾರದೆ ತಾವೇ ಜೋಡಿಗೂಡುತ್ತವೆ. ಹದವಿಲ್ಲದೆಯೇ ಬಿತ್ತನೆ ನಡೆಯುತ್ತದೆ. ಈ ಬದಲಾವಣೆ ಗಂತಿಯ ಕೋಶಗಳಲ್ಲಿ ಹುಟ್ಟಿದ್ದೇ ಹೊರತು ತಂದೆತಾಯಿಗಳಿಂದ ಬಂದುದಲ್ಲ. ಬೇರೆ ಕೆಲವು ಗಂತಿಗಳಲ್ಲಿ ಎಫ್‌ಜಿಎಫ್‌ಆರ್-2, ಮೆಟ್ ಎಂಬ ಗ್ರಾಹಕಗಳ ಜೀನುಗಳೂ ಹೀಗೆ ಹೆಚ್ಚುವುದುಂಟು.

ಜೀನಿನ ಪ್ರತಿಗಳನ್ನು ಎಣಿಸುವುದು ಹೇಗೆ? ಇಲ್ಲಿ ಭೌತಶಾಸ್ತ್ರದವನಾದ ನನಗೆ ಕೊಂಚ ಹೆಮ್ಮೆ. ಕೆಲವು ವಸ್ತುಗಳು ಬೆಳಕನ್ನು ಹೀರಿ, ಅದಕ್ಕಿಂತ ದೀರ್ಘ ತರಂಗಾಂತರದ ಬೆಳಕನ್ನು ಹೊರಸೂಸುತ್ತವೆಂದು ಸ್ಟೋಕ್ಸ್ 1852ರಲ್ಲಿ ತೋರಿಸಿದನು. ಇದೇ ಪ್ರತಿದೀಪ್ತಿ. ಹರ್-2 ಜೀನಿಗೆ ಮಾತ್ರ ಅಂಟುವ ಡಿ.ಎನ್.ಎ. ತುಣುಕಿಗೆ ಕೆಂಪು ಪ್ರತಿದೀಪ್ತಿಯ ಬಣ್ಣವನ್ನೂ, 17ನೆಯ ವರ್ಣತಂತುವಿನ ನಡುಭಾಗಕ್ಕೆ ಅಂಟುವ ತುಣುಕಿಗೆ ಹಸಿರು ಬಣ್ಣವನ್ನೂ ಕಟ್ಟುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯ ಕೋಶವು ಎರಡು ಕೆಂಪು, ಎರಡು ಹಸಿರು ಚುಕ್ಕೆಗಳನ್ನು ತೋರುತ್ತದೆ. ವರ್ಣತಂತುವೇ ಇಡಿಯಾಗಿ ಹೆಚ್ಚಿದ್ದರೆ ಎರಡು ಬಣ್ಣಗಳೂ ಕೂಡಿ ಹೆಚ್ಚುತ್ತವೆ. ಜೀನು ಮಾತ್ರ ಹೆಚ್ಚಿದ್ದರೆ ಕೆಂಪು ಚುಕ್ಕೆಗಳು ಗೊಂಚಲುಗಟ್ಟುತ್ತವೆ. ಹಲವು ಕೋಶಗಳಲ್ಲಿ ಎಣಿಸಿದಾಗ ಕೆಂಪು ಹಸಿರಿನ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಜೀನು ವೃದ್ಧಿಸಿದೆಯೆಂದು ನಿರ್ಣಯ.

ಈ ಎಣಿಕೆಯ ಮೇಲೆ ಚಿಕಿತ್ಸೆ ನಿಂತಿದೆ. ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯವು ಹರ್-2ಕ್ಕೆ ಹೊರಗಿನಿಂದ ಅಂಟಿ ಅದರ ಆಜ್ಞೆಯನ್ನು ತಡೆಯುತ್ತದೆ. 2010ರಲ್ಲಿ ಪ್ರಕಟವಾದ ‘ಟೋಗಾ’ ಪರೀಕ್ಷೆಯಲ್ಲಿ, ರೋಗ ಮುಂದುವರಿದಿದ್ದ ಹರ್-2 ರೋಗಿಗಳ ಮಧ್ಯಾಂಕ ಆಯುಷ್ಯ ಬರಿಯ ರಾಸಾಯನಿಕ ಚಿಕಿತ್ಸೆಯಲ್ಲಿ 11.1 ತಿಂಗಳು, ಪ್ರತಿಕಾಯವನ್ನೂ ಕೂಡಿಸಿದಾಗ 13.8. ಲಾಭ ಅಲ್ಪವೆಂದು ತೋರೀತು. ಆದರೆ ಜಠರದ ಕ್ಯಾನ್ಸರಿನಲ್ಲಿ ಗ್ರಾಹಕವನ್ನೇ ಗುರಿಮಾಡಿದ ಔಷಧಿ ಆಯುಷ್ಯವನ್ನು ಬೆಳೆಸಿದ್ದು ಅದೇ ಮೊದಲು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಇದಕ್ಕೆ ಸಮಾನವಾದ ಔಷಧಿಯನ್ನು 2014ರಲ್ಲಿ ಮೂಲ ಔಷಧಿಗಿಂತ ಕಡಿಮೆ ಬೆಲೆಗೆ ಹೊರತಂದಿತು. ಮೈಲಾನ್ ಸಂಸ್ಥೆಯೊಡನೆ ಕೂಡಿ ಸಿದ್ಧಪಡಿಸಿದ ಆ ಔಷಧಿಗೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಒಪ್ಪಿಗೆಯೂ ದೊರೆಯಿತು.

ಒಂದು ತೊಡಕು ಮಾತ್ರ ಉಳಿದಿದೆ. ಜಠರದ ಗಂತಿಯು ಎಲ್ಲೆಡೆ ಒಂದೇ ಸಮನಲ್ಲ. ಒಂದು ಮೂಲೆಯಲ್ಲಿ ಕೆಂಪು ಗೊಂಚಲು, ಪಕ್ಕದಲ್ಲೇ ಎರಡೇ ಚುಕ್ಕೆ. ಆದುದರಿಂದಲೇ ವೈದ್ಯರು ಗಂತಿಯ ಒಂದು ತುಣುಕಿಗೆ ತೃಪ್ತರಾಗದೆ ಬೇರೆ ಬೇರೆ ಕಡೆಯಿಂದ ಹಲವು ತುಣುಕುಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.